ಕೇಳದೆ ಬರೆದ ಒಂದು ಸಾಲು

ಅಪ್ಪಾಜಿ,

ನೀವು ಬದುಕಿದ್ದರೆ ಈ ಕಾಗದ ಓದಿ, ಕನ್ನಡಕ ತೆಗೆದಿಟ್ಟು ಎದ್ದು ಹೊರಗೆ ಹೋಗಿಬಿಡುತ್ತಿದ್ದಿರಿ. ಆದರೂ ಹೇಳಲೇಬೇಕು. ನಿಮ್ಮ ಸರ್ವೇ ಕಚೇರಿಯವರು ನನ್ನ ಮೇಲೆ ಕೆಂಡ ಕಾರುತ್ತಿದ್ದಾರೆ. ಕಾರಲಿ.

ಸುರಗಾಣಾದ ಆ ಬೆಟ್ಟ ನೆನಪಿದೆಯೇ? ಬೀದರಿನಿಂದ ನಾಸಿಕಕ್ಕೆ ವರ್ಗವಾಗಿ ಬಂದ ಹೊಸತು, ನನಗೆ ಶಾಲೆಯ ರಜೆ. ಬಾಕ್ಸೈಟ್ ಹುಡುಕುವ ಸರ್ವೇಗೆ ನನ್ನನ್ನೂ ಜೀಪಿನಲ್ಲಿ ಕರೆದುಕೊಂಡು ಹೋಗಿದ್ದಿರಿ. ದೇಶಕ್ಕೆ ಬೇಕೇ ಬೇಕಾದ ಖನಿಜ ಎಂದು ದಾರಿಯುದ್ದಕ್ಕೂ ಪಾಠ ಮಾಡಿದಿರಿ. ಊರ ಗಡಿಯಲ್ಲಿ ಗಟ್ಟಿ ಕಲ್ಲೊಂದು ಕಂಡಿತೆಂದು ಅದರ ಮೇಲೆ ಬಿಳಿ ಬಣ್ಣದಲ್ಲಿ ಸರ್ವೇ ನಂಬರು ಬರೆಸಿದಿರಿ. ಅದು ವಾಘದೇವ, ಅಲ್ಲಿಯ ಕೋಕಣಾ ಆದಿವಾಸಿಗಳು ಪೂಜಿಸುವ ಹುಲಿದೇವರು. ಕೆತ್ತಿದ ಹುಲಿ ಸವೆದುಹೋಗಿತ್ತು, ಸರಿ. ಬಳಿದ ಸಿಂಧೂರವೂ ಕಾಣಲಿಲ್ಲವೇ? ಯೇಸಾಬಾಯಿ ಎಂಬ ಮುದುಕಿ ಬಂದಳು. ಬೈಯಲಿಲ್ಲ, ಅಳಲಿಲ್ಲ. “ಆಮ್ಹಾಲಾ ವಿಚಾರಲಂ ಕಾ, ಸಾಹೇಬ?” ಎಂದಳು. ನಮ್ಮನ್ನು ಕೇಳಿದಿರಾ ಎಂದು, ಅಷ್ಟೇ. ನೀವೇ ಸೀಮೆಎಣ್ಣೆ ತಂದು ಬಣ್ಣ ಒರೆಸಿದಿರಿ. ಆ ದಿನ ನನಗೆ ನಿಮ್ಮ ಮೇಲೆ ಎಷ್ಟು ಹೆಮ್ಮೆ...

ಆದರೆ ಮನೆಯಲ್ಲಿ ಕೂತು ವರದಿ ಬರೆಯುವಾಗ? ಮೇಲಿನವರು ಹೇಳಿದರೆಂದು “ಗ್ರಾಮಸ್ಥರ ಒಪ್ಪಿಗೆ ಇದೆ” ಎಂಬ ಸಾಲು ಸೇರಿಸಿದಿರಿ. ನಾನು ಜಗಳ ತೆಗೆದಾಗ, “ನಾವು ವರ್ಗಾ ಮ್ಯಾಗ ಬಂದ ಮಂದಿ. ನಮಗ್ಯಾಕವ್ವಾ ಈ ಉಸಾಬರಿ?” ಎಂದಿರಿ.

ನೀವು ಹೋದ ಮೇಲೆ ಟ್ರಂಕಿನಲ್ಲಿ ಆ ವರ್ಷದ ಡೈರಿ ಸಿಕ್ಕಿತು. “ಒಪ್ಪಿಗಿ ಅಂತ ಬರದೆ. ಯಾರನ್ನೂ ಕೇಳಿಲ್ಲ. ತಪ್ಪಾತು.” ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಹೇಗಿದ್ದಿರಿ, ಅಪ್ಪಾಜಿ? ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಹೋದ ವಾರ ನಿಮ್ಮ ಅದೇ ಸಾಲನ್ನು ಹಿಡಿದುಕೊಂಡು ಗಣಿ ಕಂಪನಿಯವರು ಬೆಟ್ಟ ಅಗೆಯಲು ಬಂದರು. ಗ್ರಾಮಸಭೆ ಸೇರಿತು. ಗಂಡನ ಮನೆಯವರು ಬೇಡವೆಂದರೂ ಬಸ್ಸು ಹತ್ತಿ ಹೋದೆ. ಡೈರಿಯನ್ನು ಎಲ್ಲರೆದುರು ಮರಾಠಿಯಲ್ಲಿ ಓದಿ ಹೇಳಿದೆ. ಸತ್ತ ತಂದೆಯ ಮಾನ ಕಳೆಯುತ್ತೀಯಾ ಎಂದು ನಿಮ್ಮ ಕಚೇರಿಯ ಅಧಿಕಾರಿಯೊಬ್ಬರು ಗದರಿದರು. ಅದು ನಮ್ಮ ಮನೆಯ ಮಾತು, ಒಪ್ಪಿಗೆಯ ಕಾಗದವಿದ್ದರೆ ನೀವು ತೋರಿಸಿ ಎಂದೆ. ಅವರು ಮತ್ತೆ ನಿಮ್ಮ ಆ ಸಾಲನ್ನೇ ತೋರಿಸಿದರು.

ಯೇಸಾಬಾಯಿಗೆ ಈಗ ಒಂದು ಹಲ್ಲೂ ಇಲ್ಲ, ದನಿ ಮಾತ್ರ ಅದೇ. ಕಂಪನಿಯವರು ಬರುವುದಾದರೆ ಮೊದಲಿನಿಂದ ಬರಲಿ ಎಂದಳು. ನಮ್ಮ ಜೊತೆ ನೆಲದ ಮೇಲೆ ಕೂತು ಕೇಳಲಿ. ಬೆಟ್ಟ ಕೊಟ್ಟರೆ ನಮಗೂ ಪಾಲಿರಬೇಕು, ಬೇಡವೆಂದರೆ ಹಿಂದಕ್ಕೆ ಹೋಗಬೇಕು. ಅದೇ ಠರಾವಾಯಿತು. ಕಂಪನಿಯ ಗಾಡಿಗಳು ಬಂದ ದಾರಿ ಹಿಡಿದವು. ಮತ್ತೆ ಬಂದರೆ ನಾನೂ ಬರುತ್ತೇನೆಂದು ಮಾತು ಕೊಟ್ಟಿದ್ದೇನೆ.

ಠರಾವಿನಲ್ಲಿ ನಿಮ್ಮ ಹೆಸರಿದೆ, ನಮ್ಮನ್ನು ಕೇಳದೆ ಒಪ್ಪಿಗೆ ಎಂದು ಬರೆದ ಸರ್ವೇಯರ್ ಎಂದು. ಸತ್ತವರು, ಬಿಟ್ಟುಬಿಡೋಣ ಎಂದು ಯೇಸಾಬಾಯಿಯೇ ಅಂದಳು. ನಾನು ಬಿಡಲಿಲ್ಲ, ಬರೆಸಿದೆ. ಸಾಕ್ಷಿಯ ಸಹಿಯೂ ನನ್ನದೇ. ಇಲ್ಲಿ ಮಹಾರಾಷ್ಟ್ರದ ಪದ್ಧತಿಯಂತೆ ಮದುವೆಯಾದವಳು ತನ್ನ ಹೆಸರಿನ ಜೊತೆ ಗಂಡನ ಹೆಸರು ಬರೆಯಬೇಕು. ನಾನು ನಿಮ್ಮ ಹೆಸರು ಬರೆದೆ.