ಒಳಗಿನಿಂದ ಒಡೆದ ಗಾಜು

ರಾಯಚೂರು
4 ಡಿಸೆಂಬರ್ 2024, ಬುಧವಾರ ಮುಂಜಾನೆ

ಪ್ರೀತಿಯ ಯಪ್ಪಾ,

ಜೈಭೀಮ. ನೀ ಆರಾಮ ಅದಿ ಅಂತ ದೇವದುರ್ಗದ ಜೀಪು ಓಡಿಸೋ ಜಂಬಣ್ಣ ಹೇಳಿದ. ಖರೇನ ಆರಾಮ ಅದೀಯೇನು? ಮೊಣಕಾಲ ನೋವು ಹೆಂಗದ? ಬಿಪಿ ಗುಳಿಗಿ ಮುಗದಿರಬೇಕು, ಒಂದು ತಿಂಗಳದ್ದು ಈ ಕಾಗದದ ಜೋಡಿ ಅವನ ಕೈಲೆ ಕಳಸೀನಿ, ಮುಂಜಾನೆ ಒಂದ ತಗೋ, ಮರತಂತ ಸಂಜಿಗಿ ಎರಡು ನುಂಗಬ್ಯಾಡ. ಚಳಿ ಸುರು ಆಗ್ಯದ, ನಿನ್ನ ಕಂಬಳಿನೂ ಗುಳಿಗಿ ಚೀಲದಾಗ ಅದ. ದುರುಗಮ್ಮತ್ತಿಗಿ ನಾ ಕೇಳೀನಿ ಅಂತ ಹೇಳು. ತಮ್ಮನ್ನ ಇಷ್ಟು ದಿನ ಇಟ್ಟುಕೊಂಡು ಸಾಕ್ಯಾಳ, ಆಕಿ ಋಣ ದೊಡ್ಡದು. ಇಲ್ಲಿ ಅವ್ವ ಸುಮಾರು ಅದಾಳ. ನಿನ್ನ ತಾಟು ದಿನಾ ತೊಳದು ಡಬ್ಬ ಹಾಕ್ತಾಳ, ಯಾರಿಗೂ ಅದರಾಗ ನೀಡಂಗಿಲ್ಲ. ನಾಡದು ಡಿಸೆಂಬರ್ ಆರು. ಓಣಿಯವರೆಲ್ಲ ಮೇಣಬತ್ತಿ ಹಿಡದು ಹೊಂಟಾಗ ಮುಂದ ನಿಮ್ಮಪ್ಪ ಸೂಗಪ್ಪಣ್ಣ ಇರಬೇಕಲ್ಲ ಅಂತ ನನ್ನ ಕೇಳಾಕತ್ತಾರ.

ನೀ ನಿನ್ನ ಫೋನ್ ಗೂಡಿನಾಗ ಬಿಟ್ಟು ಹೋದಿ. ಅತ್ತಿ ಫೋನಿಗೆ ಮಾಡಿದ್ರ, ನನ್ನ ದನಿ ಕೇಳಿದ ಕೂಡಲೆ ಎದ್ದು ಹೊರಗ ಹೋಗತಿ ಅಂತ ಆಕಿನ ಹೇಳಿದ್ಲು. ಅದಕ್ಕ ಕಾಗದ ಬರಿಯಾಕತ್ತೀನಿ. ನೀ ನಾಕನೇ ಇಯತ್ತಾ ಓದಿದವ, ಅಕ್ಷರ ದಪ್ಪಗ ಬರದೀನಿ, ಚಸ್ಮಾ ಹಾಕ್ಕೊಂಡು ನಿಧಾನಕ್ಕ ನೀನ ಓದು. ಬ್ಯಾರೆ ಯಾರ ಕೈಲೂ ಓದಿಸಬ್ಯಾಡ. ಇದರಾಗ ಇನ್ನೊಬ್ಬರ ಮನಿ ಹೆಣ್ಣಮಗಳ ಮಾತು ಅದ.

ದಸರಾ ಮುಗದ ವಾರ ನೀ ಮಾನ್ವಿಯಿಂದ ಮಧ್ಯಾಹ್ನನ ಮನಿಗಿ ಬಂದಿ. ಗಡಿಗೆಪ್ಪ ಸಾಹುಕಾರ್ರ ರೈಸ್ ಮಿಲ್ಲಿನಾಗ ಇಪ್ಪತ್ತೆಂಟು ವರ್ಷ ಡ್ರೈವರ್ ಆಗಿದ್ದಿ, ಒಂದಿನಾನೂ ಹೊತ್ತು ಮುಳಗೋ ಮೊದಲು ಬಂದವ ಅಲ್ಲ. ನೀ ಬರೂಕ್ಕಿಂತ ಮೊದಲ ಅವರ ಮಗ ಮೌನೇಶ ನನಗ ಫೋನ್ ಮಾಡಿದ್ದ. ನಿಮ್ಮಪ್ಪ ಕೇಳದ ಹಳದಿ ಕಾರು ತಗೊಂಡು ಕಾಲುವಿ ರಸ್ತಾಕ್ಕ ಹೋಗ್ಯಾನ, ಮುಂದಿನ ಟಿಪ್ಪರಿಂದ ಕಲ್ಲು ಸಿಡದು ಗಾಜು ಒಡದದ, ಇಂಥಾ ಗಾಡಿ ಈ ಕಡಿ ಯಾರಲ್ಲೂ ಇಲ್ಲ, ಇದರ ಗಾಜು ಎಲ್ಲೂ ಸಿಗಂಗಿಲ್ಲ ಅಂದ. ನಮ್ಮಪ್ಪಾ ಅವರು ಇನ್ನ ನಿಮ್ಮಪ್ಪನ್ನ ಬರಬ್ಯಾಡ ಅಂದಾರ ಅಂದ. ನಾ ಅದನ್ನ ನಂಬಿದ್ನಿ. ನಿನ್ನ ಒಂದು ಮಾತು ಕೇಳಲಿಲ್ಲ. ನೀ ನಳದ ಹತ್ರ ಕಾಲು ತೊಳಿಯಾಕತ್ತಿದ್ದಿ, ಓಣಿ ಹೆಂಗಸರೆಲ್ಲ ಕೊಡ ಹಿಡದು ನಿಂತಿದ್ರು. ಅಷ್ಟು ಮಂದಿ ಮುಂದ ನಾ ಅಂದ್ನಿ, "ಮಂದಿ ಗಾಡಿ ಮ್ಯಾಲ ಯಾಕಪ್ಪಾ ನಿನಗ ಇಷ್ಟು ಆಸಿ?" ನೀ ನನ್ನ ಮುಖ ನೋಡಿದಿ. ಹಸಿ ಕಾಲಿಲೆ ಒಳಗ ಹೋದಿ. ಮರುದಿನ ಮುಂಜಾನೆ ನಾವು ಏಳೂದ್ರಾಗ ಹೋಗಿದ್ದಿ. ಆ ಮಾತು ನನ್ನ ಬಾಯಿಂದ ಹೆಂಗ ಬಂತೋ, ಇವತ್ತಿಗೂ ನಳಕ್ಕ ನೀರಿಗಿ ಹೋದ್ರ ನೆನಪಾಗತದ.

ಹದಿನೈದು ದಿನದ ಮ್ಯಾಲ ಮೌನೇಶ ಮತ್ತ ಫೋನ್ ಮಾಡಿದ. ರಾಯಚೂರಾಗ ಯಾರೂ ಆ ಗಾಜು ಮುಟ್ಟಾಕ ಒಲ್ಲೆ ಅಂದಾರಂತ, ಗಾಡಿ ಗಾಜಿನ ಕೆಲಸ ನಿಂದು, ನೀ ಮಾಡಿಕೊಡತೀಯೇನು ಅಂದ. ಅಪ್ಪನ ತಪ್ಪು ಮಗ ಸರಿ ಮಾಡಿದಂಗ ಆಗತದ ಅಂದ್ಕೊಂಡು ಹ್ಞೂಂ ಅಂದ್ನಿ. ಇದು ಅರ್ಧ ಮಾತು. ಉಳದ ಅರ್ಧ ಹೇಳತೀನಿ ಕೇಳು. ಸಾಹುಕಾರ್ರ ಅಣ್ಣ ಮುಂಬೈಯಿಂದ ತಂದ ಆ ಹಳದಿ ಇಟಲಿ ಕಾರಿನ ಬಗ್ಗೆ ನೀ ನನ್ನ ಸಣ್ಣಂದಿನಿಂದ ಹೇಳಕೋತ ಬಂದಿ. ಎರಡ ಬಾಗಿಲು, ಎರಡ ಸೀಟು, ನೆಲಕ್ಕ ಹತ್ತಿಕೊಂಡಂಗ ಓಡತದ, ಚಳಿಗಾಲದಾಗ ನಿನ್ನ ಕೈ ಬಿಟ್ರ ಯಾರ ಕೈಗೂ ಸ್ಟಾರ್ಟ್ ಆಗಂಗಿಲ್ಲ ಅಂತ. ಅಂಥಾ ಗಾಡಿಗೆ ಗಾಜು ಕೂಡಿಸಿದವ ಅನ್ನಿಸಿಕೋಬೇಕು ಅಂತ ನನಗೂ ಅನ್ನಿಸ್ತು. ನಿನಗ ಆಸಿ ಅಂದವ ನಾನ, ಆಸಿ ಇದ್ದದ್ದು ನನಗ.

ಮಿಲ್ಲಿನ ಹಿಂದಿನ ಶೆಡ್ಡಿನಾಗ ಗಾಡಿ ನಿಂತಿತ್ತು. ಭತ್ತದ ಸುಗ್ಗಿ, ಹೊರಗ ಲಾರಿ ಸಾಲು, ತೌಡಿನ ಧೂಳ ಗಾಡಿ ಮ್ಯಾಲ ಬಟ್ಟಿ ಹೊದಿಸಿದಂಗ ಕುಂತಿತ್ತು. ನೀ ಇದ್ದಾಗ ಹಂಗ ಇರತಿರಲಿಲ್ಲ. ಒರಿಸಿ ನೋಡಿದ್ನಿ. ಯಪ್ಪಾ, ನಾ ಈ ಕೆಲಸಕ್ಕ ಬಂದು ಹದಿನಾರು ವರ್ಷ ಆತು. ಕಲ್ಲು ಬಡದ ಗಾಜಿಗೆ ಹೊರಗಿನ ಮೈಯಾಗ ಸಣ್ಣ ಕುಳಿ ಬಿದ್ದಿರತದ, ಉಗುರು ಆಡಿಸಿದ್ರ ಸಿಗತದ. ಇದರ ಹೊರಗ ನನ್ನ ಉಗುರಿಗೆ ಏನೂ ಸಿಗಲಿಲ್ಲ. ಅಂಗೈ ಇಟ್ಟರ ಗಾಜು ಹೊರಕ್ಕ ಉಬ್ಬಿತ್ತು. ಒಳಗ ಕುಂತು ನೋಡಿದ್ನಿ. ಎಡಗಡಿ ಸೀಟಿನ ಮುಂದ, ಕುಂತವರ ಹಣಿ ಎಷ್ಟೆತ್ತರ ಇರತದೋ ಅಷ್ಟೆತ್ತರಕ್ಕ, ಜೇಡರ ಬಲಿಯಂಗ ಬಿರುಕು. ಆ ಬಿರುಕಿನಾಗ ಸಿಕ್ಕೊಂಡ ನಾಕೈದು ಕೂದಲ. ಮೊಳದುದ್ದದವು, ತುದಿಗಿ ಮೆಹಂದಿ ಬಣ್ಣ. ಅದರ ಸುತ್ತ ಒಣಗಿದ ರಕ್ತ. ನೀ ಓಡಿಸಿದ್ರ ಬಲಕ್ಕ ಕುಂತಿರತಿದ್ದಿ. ನಿನ್ನ ತಲ್ಯಾಗ ಅಷ್ಟುದ್ದ ಕೂದಲ ಎಲ್ಲಿಂದ ಬರಬೇಕು?

ನಾ ಇನ್ನಾ ಒಳಗ ಕುಂತಿದ್ನಿ, ಮೌನೇಶನ ಹೆಂಡ್ತಿ ಸ್ವಪ್ನಾ ಅಕ್ಕಾರು ಚಾ ತಂದ್ರು. ಸೆರಗು ಹುಬ್ಬಿನ ತನಕ ಎಳಕೊಂಡಿದ್ರು. ನನ್ನ ಬೆರಳಾಗಿನ ಕೂದಲ ನೋಡಿದ್ರು. ನಾನೂ ಅವರನ್ನ ನೋಡಿದ್ನಿ. ಚಾದ ಕಪ್ಪು ನೆಲಕ್ಕ ಇಟ್ಟು, "ಸೂಗಪ್ಪ ಕಾಕಾ ಆರಾಮ ಅದಾರೇನ್ರಿ?" ಅಂದ್ರು. ದೇವದುರ್ಗದಾಗ ಅದಾನ್ರಿ, ನನ್ನ ಮ್ಯಾಲ ಸಿಟ್ಟು ಮಾಡ್ಕೊಂಡು ಹೋಗ್ಯಾನ ಅಂದ್ನಿ. "ಅವರದು ಏನೂ ತಪ್ಪಿಲ್ರಿ" ಅಂದ್ರು. ಅಷ್ಟರಾಗ ಅವರ ಅತ್ತಿ ವೀರಭದ್ರಮ್ಮನವರು ಒಳಗಿಂದ ಕರದ್ರು, ಹೋಗಿಬಿಟ್ರು. ಅಷ್ಟ ಮಾತು ಆಗಿದ್ದು. ಹಳಿ ಗಾಜು ಬಿಚ್ಚಿ ರಾಯಚೂರಿಗೆ ತಂದ್ನಿ. ಅಂಗಡ್ಯಾಗ ಮುನ್ನಾ ಅದನ್ನ ಬಿಸಿಲಿಗಿ ಹಿಡದು ತಿರುಗಿಸಿ ತಿರುಗಿಸಿ ನೋಡಿ, "ಇದು ಕಲ್ಲಲ್ಲ ಭಾಯ್, ತಲಿ" ಅಂದ. ಅವನೂ ನನ್ನ ಜೋಡಿ ಇಷ್ಟು ವರ್ಷ ಗಾಜು ಕೂಡಿಸಿದವ, ಅವಗ ಹೇಳಿಕೊಡಬೇಕಾಗಿಲ್ಲ.

ಅದರ ಮ್ಯಾಲ ನಾ ಏನ ಮಾಡಿದ್ನಿ ಅಂತ ನೀ ಕೇಳಬೇಕು ಯಪ್ಪಾ. ಗಾಜು ಹುಡುಕಿದ್ನಿ. ಮೂರು ವಾರ ಬ್ಯಾರೆ ಏನೂ ಮಾಡಲಿಲ್ಲ. ಕಂಡಕಂಡವರಿಗೆ ಫೋನ್ ಹಚ್ಚಿದ್ನಿ, ಕಡೀಗಿ ಹೈದರಾಬಾದಿನಾಗ ಮುನ್ನಾನ ಮಾವನ ಗುರ್ತಿನ ಒಬ್ಬ ಮುದುಕ ಮೇಸ್ತ್ರಿ ಹತ್ರ ಇಂಥಾದ್ದ ಒಂದು ಗಾಜು ಮಂಚದ ಕೆಳಗ ಗಾದಿ ಸುತ್ತಿ ಇಟ್ಟದ್ದು ಸಿಕ್ತು. ಹೋಗಿ, ಹಸುಗೂಸು ತಂದಂಗ ತೊಡಿ ಮ್ಯಾಲ ಇಟ್ಕೊಂಡು ತಂದ್ನಿ. ದಾರಿ ತುಂಬ ಗಾಜಿನ ಚಿಂತಿ ಮಾಡಿದ್ನಿ. ಆ ಹೆಣ್ಣಮಗಳ ಚಿಂತಿ ಬಂದಾಗ, ದೊಡ್ಡವರ ಮನಿ ಮಾತು, ನಾವು ಬಾಯಿ ಹಾಕಿದ್ರ ಯಾರು ಕೇಳತಾರ ಅಂತ ನನಗ ನಾನ ಸಮಾಧಾನ ಹೇಳಕೊಂಡ್ನಿ. ನಿನ್ನ ಹತ್ರ ಬಂದು ಕಾಲಿಗಿ ಬೀಳಬೇಕು ಅನ್ನಿಸ್ತಿತ್ತು. ಬಂದ್ರ ನೀ ಏನ ಕೇಳತಿ ಅಂತ ಗೊತ್ತಿತ್ತು. ಗೊತ್ತಾದ ಮ್ಯಾಲ ನೀ ಏನ ಮಾಡಿದಿಪಾ ಅಂತ ಕೇಳತಿದ್ದಿ. ಅದಕ್ಕ ಬರಲಿಲ್ಲ.

ನಿನ್ನೆ ಮಂಗಳವಾರ ಹೊಸ ಗಾಜು ಕೂಡಿಸಿದ್ವಿ. ಹಳಿ ಕಾಲದ ಗಾಡಿ, ಇದಕ್ಕ ಈಗಿನಂಗ ಅಂಟು ಇಲ್ಲ, ರಬ್ಬರ್ ಪಟ್ಟಿ. ಪಟ್ಟಿ ಸಂದ್ಯಾಗ ಸುತ್ತಲೂ ಹಗ್ಗ ಇಟ್ಟು, ಸಾಬೂನಿನ ನೀರು ಹಚ್ಚಿ, ಮುನ್ನಾ ಹೊರಗಿಂದ ಅಂಗೈಲೆ ಒತ್ತಿದ, ನಾ ಒಳಗ ಕುಂತು ಒಂದೊಂದ ಬಟ್ಟು ಹಗ್ಗ ಎಳಕೋತ ಹೋದ್ನಿ. ಒಂದು ಕಡಿ ಜೋರು ಆದ್ರ ಮೂಲಿ ಸೀಳತದ, ಮತ್ತ ಇಂಥಾ ಗಾಜು ಈ ಜನ್ಮಕ್ಕ ಸಿಗಂಗಿಲ್ಲ. ಕಡೀ ಮೂಲಿ ಟಪ್ಪಂತ ಕುಂತಾಗ ಮುನ್ನಾ ನಕ್ಕ. ನನಗ ನಗು ಬರಲಿಲ್ಲ. ಮೌನೇಶ ಬಂದು ಸುತ್ತಿ ನೋಡಿದ, ಭಾಳ ಖುಷಿ ಆದ. ಹಳೇದು ಏನ ಮಾಡಿದಿ ಅಂದ. ಒಡದು ಒಗದೀನ್ರಿ ಅಂದ್ನಿ. ಸುಳ್ಳು ಹೇಳಿದ್ನಿ. ಅದು ಕೌದಿ ಸುತ್ತಿ ಅವ್ವನ ಮಂಚದ ಕೆಳಗ ಅದ, ಕೂದಲ ಒಂದು ಕಾಗದದಾಗ ಮಡಚಿ ಇಟ್ಟೀನಿ.

ಆಮ್ಯಾಲ ಅಂವ ಒಳಗ ಕುಂತು ಗಾಡಿ ಚಾಲೂ ಮಾಡಿದ. ಎರಡು ಸಲ ಗುರ್ರ್ ಅನ್ನಿಸಿ, ಮನಿ ಕಡಿ ತಿರುಗಿ, "ಸ್ವಪ್ನಾ, ಬಾ, ಕೂಡು" ಅಂದ. ದನಿ ಜೋರಿರಲಿಲ್ಲ. ಅಕ್ಕಾರು ಬಂದ್ರು. ಅವರ ಕೈ ಬಾಗಿಲ ಹಿಡಿ ಮ್ಯಾಲ ಸ್ವಲ್ಪ ಹೊತ್ತು ನಿಂತಿತ್ತು. ಕುಂತ್ರು. ಎರಡೂ ಕೈ ಮುಂದ ಚಾಚಿ ಡ್ಯಾಶ್‌ಬೋರ್ಡ್ ಒತ್ತಿ ಹಿಡಕೊಂಡ್ರು. ಗಾಡಿ ಇನ್ನಾ ನಿಂತ ಜಾಗ ಬಿಟ್ಟಿರಲಿಲ್ಲ ಯಪ್ಪಾ, ಆಗಲೇ ಕೈ ಹಂಗ ಇಟ್ಟಿದ್ರು. ನಾ ಕೂಡಿಸಿದ ಗಾಜು, ಒಂದು ಗೀರಿಲ್ಲ, ಅದರ ಹಿಂದ ಅವರ ಮುಖ ಅಷ್ಟು ಚೊಲೊ ಕಾಣಿಸಾಕತ್ತಿತ್ತು. ಹಣಿ ಮ್ಯಾಲ ಹೊಲಿಗಿ ಗುರ್ತು ಅದ.

ನನಗ ಏನಾತೋ, ಓಡಿ ಹೋಗಿ ಗಾಡಿ ಮುಂದ ನಿಂತ್ನಿ. ಇಪ್ಪತ್ನಾಕು ತಾಸು ಗಾಡಿ ಅಲಗಬಾರದು ಧಣಿ, ಪಟ್ಟಿ ಕೂಡೂ ತನಕ ಒಂದು ಕುಣಿ ಬಡದ್ರೂ ಗಾಜು ಸೀಳತದ, ಆಮ್ಯಾಲ ನನ್ನ ಜವಾಬ್ದಾರಿ ಇಲ್ಲ ಅಂದ್ನಿ. ರಬ್ಬರಿಗೆ ಅಂಥಾದ್ದು ಏನೂ ಬೇಕಾಗಿಲ್ಲ. ಮುನ್ನಾ ನನ್ನ ಮುಖ ನೋಡಿದ, ಕೂಡಲೆ ಹೌದ್ರಿ ಸಾಬ್ ಅಂದ. ಮೌನೇಶಗ ಸಿಟ್ಟು ಬಂತು, ಆದ್ರ ಆ ಗಾಡಿ ಅಂದ್ರ ಅವನ ಜೀವ, ಇಳದ. ಅಕ್ಕಾರೂ ಇಳದ್ರು. ಅಂವ ಫೋನ್ ಬಂತಂತ ಆಚಿ ಹೋದಾಗ ಅವರು ನನ್ನ ಹತ್ರ ಬಂದು, "ನಾಳಿ ಎಷ್ಟೊತ್ತಿನ ತನಕ ರೀ?" ಅಂತ ಕೇಳಿದ್ರು. ಮಧ್ಯಾಹ್ನದ ತನಕ ರೀ ಅಂದ್ನಿ. ಗೋಣು ಹಾಕಿ ಒಳಗ ಹೋದ್ರು.

ನನ್ನ ಕೈಲೆ ಆಗಿದ್ದು ಅಷ್ಟ. ಒಂದು ದಿನದ ಸುಳ್ಳು. ಆ ತಲಿ ಗಾಜಿಗೆ ಹೆಂಗ ಬಡೀತು ನನಗ ಗೊತ್ತಿಲ್ಲ. ನಿನಗ ಗೊತ್ತದ. ಗೊತ್ತಿದ್ದೂ ತಲಿ ತಗ್ಗಿಸಿ ಬಂದಿ, ಮಿಲ್ಲಿನವರ ಮುಂದ ಕಳ್ಳ ಆದಿ, ಓಣಿ ಮುಂದ ನಾ ನಿನ್ನ ಸಣ್ಣವನ್ನ ಮಾಡಿದ್ನಿ, ಆವಾಗೂ ಬಾಯಿ ಬಿಡಲಿಲ್ಲ. ಯಾಕಂತ ಕೇಳಂಗಿಲ್ಲ. ನಿನ್ನ ಮಗ ಆಗಿ ಮೊದಲ ದಿನಾನ ನಂಬಬೇಕಾಗಿತ್ತು, ಗಾಜು ನೋಡಿ ನಂಬಿದ್ನಿ. ಇದಕ್ಕ ಕ್ಷಮಾ ಮಾಡು ಅಂತ ಬರಿಯಾಕೂ ನಾಚಿಕಿ ಆಗತದ. ಇವತ್ತು ಮಧ್ಯಾಹ್ನಕ್ಕ ಆ ಇಪ್ಪತ್ನಾಕು ತಾಸು ಮುಗೀತದ. ಆಮ್ಯಾಲ ನಾ ಏನ ಮಾಡಬೇಕು, ನೀ ಒಂದು ಮಾತು ಹೇಳು. ಅತ್ತಿ ಫೋನಿಂದ ಮಾಡು. ಬೇಕಾದ್ರ ಬೈ, ಆದ್ರ ಮಾಡು.

ಅತ್ತಿಗಿ ನನ್ನ ಶರಣು. ಅವ್ವ ನಿನಗ ಮೊಸರು ಕಡಿಮಿ ತಿನ್ನು, ಗಾಳ್ಯಾಗ ಮಲಗಬ್ಯಾಡ ಅಂತ ಹೇಳ್ಯಾಳ. ನಿನ್ನ ಕೈ ನನ್ನ ತಲಿ ಮ್ಯಾಲ ಇರಲಿ.

ನಿನ್ನ ಮಗ
ಆನಂದ

ತಾ.ಕ. ಯಪ್ಪಾ, ಕಾಗದ ಮಡಚಾಕತ್ತಿದ್ನಿ, ಬಾಗಿಲು ಬಡದ್ರು. ಸ್ವಪ್ನಾ ಅಕ್ಕಾರು ಬಂದಾರ. ಮಾನ್ವಿಯಿಂದ ಮೊದಲನೆ ಬಸ್ಸಿಗೆ, ಕೈಯಾಗ ಒಂದ ಚೀಲ. ಸೂಗಪ್ಪ ಕಾಕಾನ ಮನಿ ಎಲ್ಲಿ ಅಂತ ಸ್ಟ್ಯಾಂಡಿನಿಂದ ಕೇಳಕೋತ ನಮ್ಮ ಓಣಿಗಿ ನಡಕೋತ ಬಂದಾರ. ಅವ್ವನ ಹತ್ರ ಕುಂತು ರೊಟ್ಟಿ ತಿನ್ನಾಕತ್ತಾರ. ಎಲ್ಲಾ ಹೇಳಿದ್ರು. ಸಿಟ್ಟು ಬಂದಾಗೆಲ್ಲ ಮೌನೇಶ ಅವರನ್ನ ಆ ಗಾಡ್ಯಾಗ ಕೂಡಿಸಿಕೊಂಡು ಕಾಲುವಿ ರಸ್ತಾದಾಗ ಜೋರಾಗಿ ಓಡಿಸಿ ಬೇಕಂತ ಬ್ರೇಕ್ ಹಾಕತಿದ್ದನಂತ, ಹೆದರಸಾಕ. ಆ ದಿನ ಮಿಲ್ಲಿನ ಗೇಟಿನ ಮುಂದ ಬ್ರೇಕ್ ಹಾಕಿ ಅವರ ತಲಿ ಗಾಜಿಗೆ ಬಡದಾಗ ನೀ ಕಣ್ಣಾರೆ ನೋಡಿದಿ, ನೀನ ಎತ್ತಿಕೊಂಡು ದವಾಖಾನಿಗಿ ಒಯ್ದಿ ಅಂದ್ರು. ತವರಾಗ ತಂಗಿ ಮದುವಿ ಆಗೂ ತನಕ ಯಾರಿಗೂ ಹೇಳಬ್ಯಾಡ ಅಂತ ಅಕ್ಕಾರು ನಿನ್ನ ಕಡಿಂದ ಆಣಿ ಮಾಡಿಸಿಕೊಂಡ್ರಂತ. ಹೋದ ವಾರ ಆ ಮದುವಿ ಆಗ್ಯದ. ಈಗ ಮಹಿಳಾ ಠಾಣೆಗೆ ಹೋಗತೀನಿ ಅಂತಾರ. ನೋಡಿದವ ನೀ ಒಬ್ಬನ. ಮೌನೇಶ ಆಗಲೇ ನನಗ ನಾಕು ಸಲ ಫೋನ್ ಮಾಡ್ಯಾನ, ನಾ ಎತ್ತಿಲ್ಲ, ಬಂದ್ರ ಬಾಗಿಲಾಗ ಓಣಿಯವರು ಅದಾರ. ಜಂಬಣ್ಣ ಹಾರ್ನ್ ಹೊಡಿಯಾಕತ್ತಾನ, ಹನ್ನೆರಡಕ್ಕ ಅವನ ಜೀಪು ಅಲ್ಲಿಂದ ರಾಯಚೂರಿಗೆ ತಿರುಗತದ, ಮುಂದಿನ ಸೀಟು ನಿನಗ ಹಿಡಿಯಾಕ ಹೇಳೀನಿ. ಅಕ್ಕಾರು ಇದನ್ನ ಬರಿ ಅಂದ್ರು: "ಕಾಕಾ, ನಿಮ್ಮ ಆಣಿ ನಾ ಬಿಡಿಸೀನಿ." ಬರದೀನಿ. ಬಾ.