ಸದ್ದಿಲ್ಲದ ಸನ್ಮಾನ

ಮಾರ್ಚ್ 4, ಬೆಳಿಗ್ಗೆ
ಇವರ ಬಿಳಿ ಅಂಗಿಗೆ ಇಸ್ತ್ರಿ. ಕಾಲರು ಸವೆದಿದೆ, ಹೊಸದು ಕೊಳ್ಳಲು ಒಪ್ಪುವುದಿಲ್ಲ. ಹದಿನೆಂಟನೇ ತಾರೀಕು ಪುರಸಭೆಯಿಂದ ಸನ್ಮಾನ. ಮೊದಲು ಸೈನ್ಯ, ಆಮೇಲೆ ಕಬ್ಬಿಣದ ಅಂಗಡಿ, ಆಮೇಲೆ ಎರಡು ಸಲ ಪುರಸಭೆ ಅಧ್ಯಕ್ಷಗಿರಿ... ಎಲ್ಲಕ್ಕೂ ಸೇರಿಸಿ ಒಂದೇ ಫಲಕ. "ಮೂರು ಕೊಟ್ರೆ ಇಡೋಕೆ ಜಾಗ ಎಲ್ಲಿದೆ ಬಿಡು," ಅಂದರು. ಎಷ್ಟು ಬಿಂಕ ಮಾಡಿದರೂ ಖುಷಿಗೆ ಕಿವಿ ಕೆಂಪಾಗಿಬಿಡುತ್ತದೆ.

ಮಾರ್ಚ್ 9
ಈಗಿನ ಅಧ್ಯಕ್ಷ ಬಂದಿದ್ದ. ಇವರೇ ಕೈಹಿಡಿದು ಮೇಲೆ ತಂದವನು, ಈಗ ಹೊಟ್ಟೆ ಬಂದಿದೆ. ವರಾಂಡಕ್ಕೆ ಕರೆದು ಗುಟ್ಟಾಗಿ ಹೇಳಿದ: "ಅತ್ತಿಗೆ, ಅಣ್ಣಂಗೆ ಹೇಳ್ಬೇಡಿ. ವೇದಿಕೆ ಹತ್ತೋವಾಗ ಹಿಂದಿನಿಂದ ಇಪ್ಪತ್ತೊಂದು ಸಿಡಿಮದ್ದು. ಯೋಧರಿಗೆ ತಕ್ಕ ಮರ್ಯಾದೆ."

ಊರಿಗೆ ಗೊತ್ತಿಲ್ಲ — ಕಾಣದ ಕಡೆಯಿಂದ ಢಂ ಎಂದರೆ ಇವರು ಮೇಜಿನ ಕೆಳಗಿರುತ್ತಾರೆ. ಯುದ್ಧದಿಂದ ಬಂದಾಗಿನಿಂದ. ಅಂಗಡಿಯಲ್ಲಿ ಕಣ್ಣೆದುರೇ ತಗಡು ಬಿದ್ದರೆ ಏನೂ ಇಲ್ಲ. ಅಧ್ಯಕ್ಷರಾಗಿದ್ದಾಗ ಪಟಾಕಿ ನಿಲ್ಲಿಸಿದ್ದು ಇದಕ್ಕೇ. ಪೇಪರಿನವರು ಪರಿಸರ ಕಾಳಜಿ ಎಂದು ಹೊಗಳಿದರು. ನಾನು ತುಟಿ ಬಿಚ್ಚಲಿಲ್ಲ. ಇವರು ಕುರ್ಚಿ ಬಿಟ್ಟ ಮೇಲೆ ಆ ನಿಯಮವೂ ಗಾಳಿಗೆ ಹೋಯಿತು.

ಮಾರ್ಚ್ 12
ಅಧ್ಯಕ್ಷನಿಗೆ ಹೇಳಿಬಿಟ್ಟೆ. ಮೊದಲು ಇವರ ಹಾರ್ಟು ವೀಕು ಅಂದೆ, "ಡಾಕ್ಟರನ್ನ ಪಕ್ಕದಲ್ಲೇ ಕೂರಿಸ್ತೀವಿ" ಅಂದ. ಕೊನೆಗೆ ಇದ್ದದ್ದು ಇದ್ದ ಹಾಗೆ. ಅವನ ಕಣ್ಣು ತುಂಬಿತು. "ನನ್ನ ಹೊಟ್ಟೇಲೇ ಇಟ್ಕೋತೀನಿ ಅತ್ತಿಗೆ." ಅಲ್ಲಿ ಬೇಕಾದಷ್ಟು ಜಾಗವಿದೆ ಎಂದುಕೊಂಡೆ.

ಮಾರ್ಚ್ 18, ಸಂಜೆ
ಸಿಡಿಮದ್ದು ಇರಲಿಲ್ಲ. ಇವರು ನೆಟ್ಟಗೆ ಮೆಟ್ಟಿಲು ಹತ್ತಿದರು. ಜನ ಚಪ್ಪಾಳೆಗೆ ಕೈ ಎತ್ತಿದರು. ಅಧ್ಯಕ್ಷ ಮೈಕು ಹಿಡಿದ.

"ದಯವಿಟ್ಟು ಯಾರೂ ಚಪ್ಪಾಳೆ ತಟ್ಬೇಡಿ. ನಮ್ಮಣ್ಣಂಗೆ ಯುದ್ಧದಿಂದ ಸದ್ದು ಅಂದ್ರೆ ಭಯ. ಪಾಪ, ಮೇಜಿನ ಕೆಳಗೆ ಕೂತ್ಬಿಡ್ತಾರಂತೆ. ಎಲ್ಲರೂ ಎದ್ದು ಸುಮ್ನೆ ನಿಂತು ಗೌರವ ಕೊಡೋಣ."

ಪ್ರೀತಿಯಿಂದಲೇ ಅಂದ. ಇಡೀ ಸಭೆ ಎದ್ದು ಉಸಿರು ಬಿಗಿಹಿಡಿದು ನಿಂತಿತು, ಸತ್ತವರಿಗೆ ನಿಲ್ಲುವ ಹಾಗೆ. ಇವರು ಸಾಲುಸಾಲಾಗಿ ಕಣ್ಣು ಹಾಯಿಸಿ ನನ್ನನ್ನು ಹುಡುಕಿದರು.

ಮಾರ್ಚ್ 23
ಮಾತಿಲ್ಲ. ಅಂಗಡಿಗೂ ಹೋಗಿಲ್ಲ. ಅಲ್ಲಿ ಆಳುಗಳು ತಗಡನ್ನು ಮಗು ಮಲಗಿಸಿದ ಹಾಗೆ ಇಳಿಸುತ್ತಿದ್ದಾರಂತೆ. ಹಾಲಿನವನು ಬೆಲ್ ಒತ್ತದೆ ಬಾಗಿಲಲ್ಲಿ ನಿಂತಿರುತ್ತಾನೆ. ಇವರಿಗೆ ಮೈಯೆಲ್ಲ ಉರಿ.

ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಕೇಳಿದರು: "ಬೇರೆ ಏನೇನು ಹೇಳಿದೀಯ?"

"ಅಷ್ಟೇ."

"ಇಷ್ಟು ವರ್ಷ ನಿನಗೊಬ್ಬಳಿಗೇ ಗೊತ್ತಿತ್ತು. ನಾಚಿಕೆ ಆಗ್ತಿರಲಿಲ್ಲ. ಈಗ ನಿನ್ನ ಮುಂದೆ ಕೂಡ ಆಗುತ್ತೆ."

ಹಾಸಿಗೆಯನ್ನು ಹಿಂದಿನ ಕೋಣೆಗೆ ಒಯ್ದರು. ಸಿಡಿದರೆ ಸಿಡಿಯಲಿ ಎಂದು ಬಿಟ್ಟುಬಿಟ್ಟಿದ್ದರೆ? ಆಗಲೂ ಊರು ನೋಡುತ್ತಿತ್ತು. ಆದರೆ ನನ್ನ ಕೈ ಹಿಡಿಯುತ್ತಿದ್ದರು.

ಏಪ್ರಿಲ್ 2, ಮಧ್ಯಾಹ್ನ
ಈಗಷ್ಟೇ ಬೀದಿಯಲ್ಲಿ ಲಾರಿಯ ಟೈರು ಸಿಡಿಯಿತು. ಕಿಟಕಿ ಗಾಜು ಅದುರಿತು. ಹಿಂದಿನ ಕೋಣೆಯಲ್ಲಿ ಮಂಚ ಸರಿದ ಸದ್ದು. ಮೊದಲಾಗಿದ್ದರೆ ಓಡಿಹೋಗಿ ನಾನೂ ಕೆಳಗೆ ಕೂತು ಬೆನ್ನು ಸವರುತ್ತಿದ್ದೆ. ಇವತ್ತು ಚಿಲಕ ಒಳಗಿನಿಂದ. ಬಾಗಿಲು ತಟ್ಟಲೂ ಭಯ — ಅದೂ ಸದ್ದೇ. ಮೆಲ್ಲಗೆ ಕರೆದೆ.

"ಹೋಗು." ನೆಲದ ಹತ್ತಿರದಿಂದ ಬಂತು.

ಹೋಗಿಲ್ಲ. ಹೊರಗೆ ಕೂತೇ ಬರೆಯುತ್ತಿದ್ದೇನೆ. ಬಾಗಿಲ ಕೆಳಗಿನ ಸಂದಿಯಲ್ಲಿ ಎಡಗೈ ತೂರಿಸಿದ್ದೇನೆ, ಬೆರಳಷ್ಟೇ ಹೋಗುತ್ತದೆ. ಇವರು ಇನ್ನೂ ಹಿಡಿದಿಲ್ಲ...