ಮುಂದಿನ ಚಕ್ರದ ಸೀಸ

ಅಪ್ಪಾಜಿಗೆ,

ನಾನು ಬೈಕ್ ತಗೊಂಡ ದಿನದಿಂದ, ಅಂದರೆ ಮೂರು ತಿಂಗಳಿಂದ, ನೀವು ನನ್ನ ಜೊತೆ ಮಾತು ಬಿಟ್ಟಿದ್ದೀರಿ. ಅದಕ್ಕೇ ಈ ಚೀಟಿಯನ್ನು ನಿಮ್ಮ ಕನ್ನಡಕದ ಡಬ್ಬಿಯಲ್ಲಿ ಇಡುತ್ತಿದ್ದೇನೆ. ಇವತ್ತು ಅದರಲ್ಲಿ ಸಿಕ್ಕ ಮೂರು ಸೀಸದ ತುಂಡುಗಳನ್ನು ನಾನು ತೆಗೆದುಕೊಂಡಿದ್ದೇನೆ.

ಮುಂದಿನ ಚಕ್ರ ಅದುರದೆ ತಿರುಗಲೆಂದು ಮೆಕ್ಯಾನಿಕ್ ಬಾಲರಾಜ್ ಅಂಟಿಸಿದ್ದ ತುಂಡುಗಳು ಅವು. ಪ್ರತಿ ಸಲ ಅವು ಬಿದ್ದುಹೋದಾಗಲೂ ಗಿರಾಕಿಗಳ ಎದುರೇ ಅವರ ಮೇಲೆ ಕೂಗಾಡಿದ್ದೇನೆ. ನಿನ್ನೆ ಅವರು ಚಕ್ರ ತೋರಿಸಿ, “ಇದು ತಾನಾಗೇ ಬಿದ್ದಿದ್ದಲ್ಲ ಮೇಡಂ, ಯಾರೋ ಬ್ಲೇಡ್ ಹಾಕಿ ಕಿತ್ತವ್ರೆ” ಅಂದರು. ಸುಳ್ಳು ಹೇಳ್ತೀರಾ ಎಂದು ಬೈದು ಬಂದೆ.

ಮಾತಿಲ್ಲದಿದ್ದರೂ ಪ್ರತಿ ಭಾನುವಾರ ನನ್ನ ಬೈಕ್ ತೊಳೆಯುತ್ತಿದ್ದಿರಿ. ಪ್ರೀತಿ ಅಂದುಕೊಂಡಿದ್ದೆ. ಮೂವತ್ತು ವರ್ಷ ಬಸ್ ಓಡಿಸಿದವರು ನೀವು. ಸೀಸ ಇಲ್ಲದಿದ್ದರೆ ವೇಗ ಅರವತ್ತು ದಾಟುತ್ತಲೇ ಹ್ಯಾಂಡಲ್ ನಡುಗುತ್ತದೆಂದು ನಿಮಗೆ ಗೊತ್ತು. ನಡುಗಿದರೆ ಮಗಳು ಹೆದರಿ ನಿಧಾನವಾಗಿ ಓಡಿಸುತ್ತಾಳೆ ಎಂದು ಲೆಕ್ಕ ಹಾಕಿದಿರಿ.

ಸೋಮವಾರ ಯಲಹಂಕದ ಫ್ಲೈಓವರ್ ಮೇಲೆ ಹ್ಯಾಂಡಲ್ ನಡುಗಿದಾಗ ಪಕ್ಕದಲ್ಲಿ ಸಿಮೆಂಟ್ ಲಾರಿ ಇತ್ತು. ಬೈಕ್ ಅದರ ಕಡೆಗೇ ವಾಲಿತು. ಲಾರಿಯ ಚಕ್ರಕ್ಕೂ ನನ್ನ ಮೊಣಕಾಲಿಗೂ ಒಂದು ಗೇಣು ಉಳಿದಿತ್ತು. ಅಮ್ಮನಿಗೆ ಇದನ್ನು ಹೇಳಿಲ್ಲ, ನೀವೂ ಹೇಳಬೇಡಿ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಶರ್ಟ್ ಹಾಕಿಕೊಂಡು ಸಿದ್ಧವಾಗಿರಿ. ಬಾಲರಾಜ್ ಎದುರು ನಿಂತು ಕಿತ್ತವನು ನಾನೇ ಎಂದು ನೀವು ಹೇಳಬೇಕು. ಆಮೇಲೆ ನಾನು ಅವರ ಕ್ಷಮೆ ಕೇಳುತ್ತೇನೆ. ಸೀಸ ಅಂಟಿಸಿಕೊಂಡು ವಾಪಸ್ ಬರುವಾಗ ನೀವು ನನ್ನ ಹಿಂದೆ ಕೂತೇ ಬರಬೇಕು. ಆಟೋ ಹತ್ತುವ ಹಾಗಿಲ್ಲ.

ವೇಗ ಜಾಸ್ತಿಯಾಯಿತು ಅನ್ನಿಸಿದರೆ ನನ್ನ ಹೆಗಲು ಮುಟ್ಟಿ. ಚಕ್ರ ಮುಟ್ಟಬೇಡಿ.

ನಿಮ್ಮ ಮಗಳು,
ಹರ್ಷಿತಾ